ಅಕ್ಕನ ಸೀಟು, ಸಾಹೇಬನ ಗಡ್ಡ

ಹೊಸ ಪ್ರಿನ್ಸಿಪಾಲರು ಬಂದ ಮೇಲೆ ಆ ಶಾಲೆಯಲ್ಲಿ ಮಕ್ಕಳಿಗಿಂತ ಕಾಗದ ಜಾಸ್ತಿ ಓಡಾಡತೊಡಗಿತು. ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕಿದರೆ ಒಂದು ಸುತ್ತೋಲೆ, ನಲ್ಲಿ ರಿಪೇರಿಯಾದರೆ ಇನ್ನೊಂದು. ಹಾಗಾಗಿ ಅವರ ಹೆಸರೇ ಸುತ್ತೋಲೆ ಸಾರ್ ಎಂದಾಯಿತು. ಎದುರಿಗಲ್ಲ, ಬೆನ್ನ ಹಿಂದೆ. ಅವರಿಗದು ಗೊತ್ತಿಲ್ಲ ಎಂದುಕೊಂಡವರು ಬೆಪ್ಪರು. ಮುಂದೆ ಒಂದು ದಿನ ಅಡ್ಡಹೆಸರುಗಳ ಬಗ್ಗೆಯೇ ಸುತ್ತೋಲೆ ಬಂತು.

ಅದು ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳ ಶಾಲೆ. ಅಲ್ಲಿ ಕಿಟಕಿ ಪಕ್ಕದ ತರಗತಿ ನಡೆಸುತ್ತಿದ್ದವಳನ್ನು ಮಕ್ಕಳು, ಮಕ್ಕಳ ಅಪ್ಪ ಅಮ್ಮಂದಿರು, ವ್ಯಾನ್ ಡ್ರೈವರ್ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಕಾಗದದ ಮೇಲೆ ಅವಳು ಬರೀ ಸಹಾಯಕಿ. ನಿಜವಾದ ಟೀಚರು ಹೆರಿಗೆ ರಜೆಗೆಂದು ಹೋದವರು ಹೋದರು, ಅವರ ಜಾಗಕ್ಕೆ ಬಂದವರು ಮಕ್ಕಳು ಕಚ್ಚುತ್ತವೆ ಎಂದು ಓಡಿದರು, ಉಳಿದವಳು ಅಕ್ಕ. ವರ್ಷಗಟ್ಟಲೆ ಉಳಿದಳು. ಚಮಚ ಹಿಡಿಯುವುದು, ಗುಂಡಿ ಹಾಕುವುದು, ಬಸ್ಸಿನ ನಂಬರು ಗುರುತಿಸುವುದು, ಎಲ್ಲವನ್ನೂ ಚೂರು ಚೂರು ಮಾಡಿ ಕಲಿಸುತ್ತಿದ್ದಳು. ಆ ತರಗತಿ ಎಂದರೆ ಅವಳಿಗೆ ಪ್ರಾಣ. ಅದನ್ನವಳು ಯಾರ ಮುಂದೆಯೂ ಹೇಳುತ್ತಿರಲಿಲ್ಲ, ಹೇಳಿದರೆ ಇನ್ನೊಂದು ತರಗತಿಯನ್ನೂ ತಲೆಗೆ ಕಟ್ಟುತ್ತಾರೆಂಬ ಭಯ.

ಒಂದು ಬೆಳಿಗ್ಗೆ ಸುತ್ತೋಲೆ ಬಂತು. ವಿಶೇಷ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಇಲ್ಲದವರು ಮುಂದಿನ ವರ್ಷದಿಂದ ತರಗತಿ ನಡೆಸುವಂತಿಲ್ಲ. ಕೋರ್ಸಿಗೆ ಸೇರಿ ಓದುತ್ತಿರುವವರಿಗೆ ಮಾತ್ರ ವಿನಾಯಿತಿ.

ಅಕ್ಕ ಕೈಯಲ್ಲಿದ್ದ ಬಣ್ಣದ ಬ್ರಷ್ಷನ್ನೂ ಇಡದೆ ಸೀದಾ ಅವರ ಕೋಣೆಗೆ ನುಗ್ಗಿದಳು. "ಸಾರ್, ಹಾಗಾದ್ರೆ ನಾನು?"

"ನಿಮಗೆ ಮುಂದಿನ ಕೌಂಟರ್‌ನಲ್ಲಿ ಜಾಗ ಇಟ್ಟಿದೀನಮ್ಮ. ಬಂದವರಿಗೆ ಚೀಟಿ ಕೊಡೋದು, ಹೋಗುವಾಗ ಚೀಟಿ ಇಸ್ಕೊಳ್ಳೋದು. ಮೇಲೆ ಫ್ಯಾನ್ ಇದೆ," ಎಂದರು ಅವರು. ಫ್ಯಾನನ್ನು ತಾವೇ ಹೊತ್ತು ತಂದಷ್ಟು ಉದಾರವಾಗಿ ಹೇಳಿದರು.

"ಆ ಫ್ಯಾನ್ ನೀವೇ ಇಟ್ಕೊಳ್ಳಿ ಸಾರ್. ನಾನು ಓದ್ತೀನಿ."

"ಈ ವಯಸ್ಸಲ್ಲಾ?"

"ಮಕ್ಕಳಿಗೆ ವಯಸ್ಸು ಕೇಳಿ ಕಲಿಸ್ತೀವಾ ಸಾರ್?" ಎಂದು ಹೇಳಿ ಹೊರಬಂದಳು. ಹೇಳುವಾಗ ಗತ್ತಿನಲ್ಲೇ ಹೇಳಿದಳು, ಬಾಗಿಲು ದಾಟಿದ ಮೇಲೆ ಯೋಚನೆ ಹತ್ತಿತು. ನಲವತ್ತು ದಾಟಿದವಳು ಕಾಲೇಜು ಬೆಂಚಿನ ಮೇಲೆ ಕೂತರೆ ಏಳುವಾಗ ಯಾರು ಕೈ ಕೊಡಬೇಕು?

ಕಾಲೇಜಿನವರು ಕೇಳಿದ್ದು ಮೂರು. ಈ ಕೋರ್ಸು ಯಾಕೆ ಬೇಕು ಎಂದು ಒಂದು ಪುಟದ ಬರಹ. ಒಬ್ಬರಿಗೆ ಬಾರದ ಕೆಲಸವೊಂದನ್ನು ಕಲಿಸುತ್ತಿರುವ ಹತ್ತು ನಿಮಿಷದ ವಿಡಿಯೋ, ಎಲ್ಲೂ ಕತ್ತರಿ ಹಾಕಿರಬಾರದು. ಆಮೇಲೆ ಸಂದರ್ಶನ.

ಬರಹ ಎಂದ ಕೂಡಲೇ ಮನೆಯಲ್ಲಿ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. "ಇದರಲ್ಲೇನಿದೆ ಯೋಚನೆ ಮಾಡೋಕೆ? ನಿನ್ನ ತಮ್ಮನ ಬಗ್ಗೆ ಬರಿ. ಅವನು ಹುಟ್ಟಿದಾಗ ಡಾಕ್ಟರು ಏನಂದ್ರು, ನಾನು ಎಷ್ಟು ಅತ್ತೆ, ನಿಮ್ಮಪ್ಪ ಹೇಗೆ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು, ಎಲ್ಲ ಬರಿ. ಓದಿದವರು ಮೂಗು ಒರೆಸ್ಕೊಂಡು ಸೀಟು ಕೊಡಬೇಕು."

ತಮ್ಮ ಅಲ್ಲೇ ಕೂತು ಟವೆಲು ಮಡಿಸುತ್ತಿದ್ದ. ಅವನಿಗೆ ಡೌನ್ ಸಿಂಡ್ರೋಮ್. ವಯಸ್ಸು ಮೂವತ್ತು ದಾಟಿತ್ತು. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ. ಮೂಲೆಗೆ ಮೂಲೆ ಕೂಡದಿದ್ದರೆ ತನ್ನ ಮೇಲ್ವಿಚಾರಕನನ್ನೇ ಗದರಿಸಿ, ಬಿಚ್ಚಿಸಿ, ಮತ್ತೆ ಮಡಿಸುವಂತೆ ಮಾಡುತ್ತಿದ್ದುದರಿಂದ ಅಲ್ಲಿ ಎಲ್ಲರೂ ಸಾಹೇಬ ಎನ್ನುತ್ತಿದ್ದರು. ಮನೆಗೂ ಅದೇ ಹೆಸರು ಬಂತು. ಹೆಸರಿನ ಜೊತೆ ದರ್ಬಾರೂ ಬಂತು.

ಅಕ್ಕ ಬರೆದಳು. ಬರೆಯುತ್ತಾ ಹೋದಂತೆ ಅವಳಿಗೇ ಕಣ್ಣು ತೇವವಾಯಿತು, ಪುಟ ಅಷ್ಟು ಚೆನ್ನಾಗಿ ಬಂದಿತ್ತು. ಜೋರಾಗಿ ಓದಿದಳು: "ಹುಟ್ಟಿನಿಂದಲೂ ನರಳುತ್ತಿರುವ ನನ್ನ ಮುಗ್ಧ ಸಹೋದರನ ಮೂಕ ವೇದನೆಯೇ ನನ್ನ ಬಾಳಿಗೆ ದಾರಿದೀಪವಾಗಿ..."

"ಯಾರದು?" ಎಂದ ಸಾಹೇಬ.

"ಯಾವುದು?"

"ನರಳೋನು."

ಅಕ್ಕ ತಡವರಿಸಿದಳು. "ನೀನೇ ಕಣೋ."

"ನಾನು ಯಾವಾಗ ನರಳಿದೆ?" ಅವನು ನಿಜವಾಗಿಯೂ ನೆನಪು ಮಾಡಿಕೊಂಡ. "ಹಲ್ಲು ನೋವು ಬಂದಾಗ. ಆಗ ನೀನೂ ನರಳಿದೆ, ನಾನು ನಿನ್ನ ಕಚ್ಚಿದ್ದೆ. ಮೂಕ ಅಂದ್ರೆ ಮಾತು ಬರ್ದೆ ಇರೋನಲ್ವಾ?"

"ಹೂಂ."

"ನಾನು ಮಾತಾಡಲ್ವಾ?"

"ಮಾತಾಡ್ತೀಯ, ಮಾತಾಡ್ತೀಯ, ಕಿವಿ ತೂತು ಬೀಳೋ ಹಾಗೆ ಮಾತಾಡ್ತೀಯ," ಎಂದರು ಅಮ್ಮ.

"ಹಂಗಾದ್ರೆ ತೆಗಿ. ನನ್ನ ಕಥೆ ನೀನು ಬರೀಬೇಡ. ನಿನ್ನ ಕಥೆ ಬರಿ," ಎಂದು ಸಾಹೇಬ ಟವೆಲಿನ ಮೇಲೆ ಟವೆಲಿಟ್ಟು ಎದ್ದು ಹೋದ.

ಅಕ್ಕ ತಮ್ಮನನ್ನು ಪುಟದಿಂದ ತೆಗೆದಳು. ಉಳಿದದ್ದು ಅರ್ಧ ಪುಟ. ಅದರಲ್ಲೂ ಅರ್ಧ ನಮಸ್ಕಾರಗಳು. ಅದನ್ನೇ ಕಳಿಸಲು ಇಟ್ಟುಕೊಂಡಳು, ವಿಡಿಯೋದಲ್ಲಿ ಹೇಗಾದರೂ ಗೆದ್ದುಕೊಂಡರಾಯಿತು ಎಂದು.

ಆದರೆ ವಿಡಿಯೋಗೂ ಕಲ್ಲು ಬಿತ್ತು. ಶಾಲೆಯೊಳಗೆ ಕ್ಯಾಮೆರಾ ತರಕೂಡದು ಎಂದು ಸುತ್ತೋಲೆ ಸಾರ್ ಅದೇ ವಾರ ಸುತ್ತೋಲೆ ಹೊರಡಿಸಿದ್ದರು. ಇನ್ನುಳಿದವನು ಒಬ್ಬನೇ. ಮರುದಿನ ಅಕ್ಕ ಮಾತಿನಲ್ಲಿ ಬೆಣ್ಣೆ ಸವರಿಕೊಂಡು ಅವನ ಪಕ್ಕ ಕೂತಳು. "ಸಾಹೇಬ್ರೇ, ಒಂದು ಸಣ್ಣ ಪಿಚ್ಚರ್‌ನಲ್ಲಿ ಮಾಡ್ತೀರಾ? ಹೀರೋ ಪಾರ್ಟು."

"ಏನ್ ಮಾಡ್ಬೇಕು?"

"ಶೂ ಲೇಸ್ ಕಟ್ಟೋಕೆ ಬರಲ್ಲ ಅನ್ನೋ ಥರ ನಟಿಸ್ಬೇಕು. ನಾನು ಕಲಿಸ್ತೀನಿ. ನೀನು ಕಲ್ತುಬಿಡ್ಬೇಕು."

ಸಾಹೇಬ ಮುಖ ಸಿಂಡರಿಸಿದ. ಲೇಸು ಕಟ್ಟುವುದನ್ನು ಅವನು ಚಿಕ್ಕವನಿದ್ದಾಗ ಎರಡು ಬೇಸಿಗೆ ರಜೆ ಪೂರ್ತಿ ಅಕ್ಕನ ಮುಂದೆ ಕೂತು, ಅತ್ತು, ಶೂ ಎಸೆದು, ಮತ್ತೆ ಹೆಕ್ಕಿ ಕಲಿತಿದ್ದ. ಈಗ ಲಾಂಡ್ರಿಯಲ್ಲಿ ಯಾರ ಲೇಸು ಬಿಚ್ಚಿದರೂ ಬಗ್ಗಿ ಎರಡು ಗಂಟು ಬಿಗಿಯುತ್ತಿದ್ದ. "ನಂಗೆ ಬರುತ್ತಲ್ಲ," ಎಂದ.

"ಬರುತ್ತೆ ಕಣೋ. ಸುಮ್ನೆ ಬರಲ್ಲ ಅಂತ. ನಟನೆ."

"ಸುಮ್ನೆ ಅಲ್ಲ. ನಟನೆಗೆ ಕೂಲಿ ಬೇಕು. ಆಮೇಲೆ ನಂಗೆ ಗಡ್ಡ ಮಾಡ್ಕೊಳ್ಳೋದು ಕಲಿಸ್ಬೇಕು."

ಇದು ಹಳೆಯ ಜಗಳ. ಅಪ್ಪ ಇರುವವರೆಗೆ ಅಪ್ಪ ಅವನ ಗಡ್ಡ ಮಾಡುತ್ತಿದ್ದರು, ಅವರು ಹೋದ ಮೇಲೆ ಅಕ್ಕ. ದಿನ ಬಿಟ್ಟು ದಿನ, ಬೆಳಿಗ್ಗೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ನೊರೆ ಹಚ್ಚಿ ಸರಸರ ಎಳೆದುಬಿಡುತ್ತಿದ್ದಳು. ಕಲಿಸು ಎಂದರೆ ನಾಳೆ ಎನ್ನುತ್ತಿದ್ದಳು. ಬ್ಲೇಡು ಅವನ ಕೈಯಲ್ಲಿ ಎಂದರೆ ಅಮ್ಮನಿಗೆ ಎದೆ ಹಿಡಿಯುತ್ತಿತ್ತು. ಅಕ್ಕನಿಗೂ ಹಿಡಿಯುತ್ತಿತ್ತು, ಅವಳದನ್ನು ಗಡಿಯಾರದ ಮೇಲೆ ಹಾಕುತ್ತಿದ್ದಳು, ಅಷ್ಟೇ.

"ಆಯ್ತು, ಕಲಿಸ್ತೀನಿ. ಮೊದಲು ಸೀಟು ಸಿಗಲಿ," ಎಂದಳು.

ಮೊಬೈಲನ್ನು ಡಬ್ಬಿಗೆ ಒರಗಿಸಿ ಶುರು ಮಾಡಿದರು. ಶುರುವಾದದ್ದೇ ತಡ, ಸಾಹೇಬನ ಬಾಯಿ ಜೋತುಬಿತ್ತು. ಕಣ್ಣು ಮೇಲಕ್ಕೆ ಹೋಯಿತು. ತಲೆ ಒಂದು ಕಡೆ ವಾಲಿತು. ಶೂವನ್ನು ಕಿವಿಗಿಟ್ಟುಕೊಂಡು "ಹಲೋ" ಎಂದ. ಅಕ್ಕನಿಗೆ ನಗು ಉಕ್ಕಿ ಬಂತು, ತುಟಿ ಕಚ್ಚಿ ತಡೆದುಕೊಂಡಳು. ಬಲಗೈ ಲೇಸು, ಎಡಗೈ ಲೇಸು, ಅಡ್ಡ, ಕೆಳಗಿಂದ, ಎಳಿ. ಅವನು ಮೊದಲು ತಪ್ಪಿದ, ಆಮೇಲೆ ಸ್ವಲ್ಪ ತಪ್ಪಿದ, ಹತ್ತನೇ ನಿಮಿಷಕ್ಕೆ ಸರಿಯಾಗಿ ಗಂಟು ಹಾಕಿ, ಕೇಳದಿದ್ದರೂ ಕೈ ಮುಗಿದ.

ಮೊಬೈಲು ಆರಿಸಿದ ಮೇಲೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಕಳ್ಳ, ಆ ಮೂತಿ ಎಲ್ಲಿ ಕಲಿತ್ಯೋ?"

"ಬಸ್ಸಲ್ಲಿ," ಎಂದ ಸಾಹೇಬ, ಬಾಯಿ ಒರೆಸಿಕೊಳ್ಳುತ್ತಾ. "ಹುಡುಗ್ರು ನನ್ನ ನೋಡಿ ಹಂಗೆ ಮಾಡ್ತಾರೆ."

ಅಕ್ಕನ ನಗು ಅಲ್ಲಿಗೇ ನಿಂತಿತು. ಆದರೂ ಆ ವಿಡಿಯೋವನ್ನೇ ಕಳಿಸಿದಳು. ಬೇರೆ ಇರಲಿಲ್ಲ. ಇದ್ದಿದ್ದರೂ ಅದನ್ನೇ ಕಳಿಸುತ್ತಿದ್ದಳೇನೋ, ಅಷ್ಟು ಚೆನ್ನಾಗಿತ್ತು.

ಸಂದರ್ಶನಕ್ಕೆ ಕರೆ ಬಂತು. ಅಕ್ಕ ಹೊರಟರೆ ಸಾಹೇಬ ಆಗಲೇ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. "ನೀನೆಲ್ಲಿಗೋ?" ಎಂದರೆ, "ನನ್ನ ಪಿಚ್ಚರ್ ಹಾಕ್ತಾರಲ್ಲ, ನಾನು ಬರ್ದೆ ಇರ್ತೀನಾ?" ಎಂದ. ಬಡಿದಾಡಿ ಉಪಯೋಗವಿಲ್ಲ ಎಂದು ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಇಲ್ಲಿಂದ ಅಲ್ಲಾಡಬೇಡ" ಎಂದು ಹೇಳಿ ಒಳಗೆ ಹೋದಳು.

ಒಳಗೆ ಮೂವರು. ನಡುವೆ ಹಿರಿಯ ಪ್ರೊಫೆಸರಮ್ಮ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಬಲಕ್ಕೆ ಎದೆಯವರೆಗೆ ಗಡ್ಡ ಬಿಟ್ಟ ಪ್ರೊಫೆಸರು. ಎಡಕ್ಕೆ ಹೊಸದಾಗಿ ಸೇರಿದ ಲೆಕ್ಚರರ್ ಹುಡುಗಿ.

"ಇಷ್ಟು ವರ್ಷ ಕೆಲಸ ಮಾಡಿದೀರಿ," ಎಂದರು ಪ್ರೊಫೆಸರಮ್ಮ. "ಇಲ್ಲಿಗೆ ಬಂದು ಕಲಿಯೋಕೆ ನಿಮಗೆ ಏನು ಉಳಿದಿದೆ?"

"ತುಂಬಾ ಇದೆ ಮೇಡಂ," ಎಂದಳು ಅಕ್ಕ.

ಅಷ್ಟಕ್ಕೆ ನಿಂತಿತು. ಇಲ್ಲೊಂದು ವಿಷಯ ಹೇಳಬೇಕು. ಈ ಮಕ್ಕಳಿಗೆ ಕಲಿಸುವವರೆಲ್ಲ ಮೊದಲು ಕಲಿಯುವ ಪಾಠ ಒಂದೇ: ಪ್ರಶ್ನೆ ಕೇಳು, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿ. ಮಗುವಿಗೆ ಉತ್ತರ ಹೊಳೆಯಲು ಹೊತ್ತು ಬೇಕು, ನಡುವೆ ಬಾಯಿ ಹಾಕಿದರೆ ಕೆಟ್ಟಿತು. ಆ ಮೂವರೂ ಅದರಲ್ಲಿ ಪಳಗಿದವರು. ಇನ್ನೂ ಏನೋ ಹೇಳುತ್ತಾಳೆ ಎಂದು ಕಾದರು. ಅಕ್ಕನೂ ಪಳಗಿದವಳೇ. ಮುಂದಿನ ಪ್ರಶ್ನೆ ಬರುತ್ತದೆ ಎಂದು ಅವಳೂ ಕಾದಳು. ಅವರು ಅವಳತ್ತ ಪ್ರೋತ್ಸಾಹದ ನಗೆ ಬೀರಿದರು. ಅವಳು ಅವರತ್ತ ಪ್ರೋತ್ಸಾಹದ ನಗೆ ಬೀರಿದಳು. ಯಾರೂ ಸೋಲಲಿಲ್ಲ. ಕಾರಿಡಾರಿನಲ್ಲಿ ಯಾರೋ ಬಕೆಟ್ಟು ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ಹೋದದ್ದು ಪೂರ್ತಿ ಕೇಳಿಸಿತು. ಕೊನೆಗೆ ಲೆಕ್ಚರರ್ ಹುಡುಗಿ ತಡೆಯಲಾಗದೆ "ಉದಾಹರಣೆಗೆ..." ಎಂದು ಸುಳಿವು ಕೊಟ್ಟಳು. ಅಕ್ಕನ ಬಾಯಿಂದ ಅಭ್ಯಾಸಬಲದಲ್ಲಿ ಬಂದೇಬಿಟ್ಟಿತು: "ಹಾಂ, ಜಾಣೆ! ಹೇಳು, ಹೇಳು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗಡ್ಡದ ಪ್ರೊಫೆಸರು ಕೆಮ್ಮಿದರು. "ವಿಡಿಯೋ ನೋಡೋಣ," ಎಂದರು.

ಗೋಡೆಯ ಮೇಲೆ ಸಾಹೇಬ ಮೂಡಿದ, ಬಾಯಿ ಜೋತುಬಿಟ್ಟುಕೊಂಡು. ಅಷ್ಟು ದೊಡ್ಡದಾಗಿ ನೋಡಲು ಅಕ್ಕನಿಗೆ ಆಗಲಿಲ್ಲ, ತಲೆ ತಗ್ಗಿಸಿದಳು. ಗಡ್ಡದವರು ಮಾತ್ರ ಮುಂದಕ್ಕೆ ಬಾಗಿ ನೋಡಿದರು. "ಹತ್ತೇ ನಿಮಿಷದಲ್ಲಿ! ನಾನು ಇಷ್ಟು ವರ್ಷದಲ್ಲಿ ಇಂಥ ಪವಾಡ ಕಂಡಿಲ್ಲ," ಎಂದರು. ಪವಾಡ ಎನ್ನುವಾಗ ಅವರ ದನಿ ಸ್ವಲ್ಪ ಸೊಟ್ಟಗಿತ್ತು.

"ಇವರು ಈಗೆಲ್ಲಿದಾರೆ?" ಎಂದರು ಪ್ರೊಫೆಸರಮ್ಮ.

"ಹೊರಗೆ ಬೆಂಚಿನ ಮೇಲೆ ಕೂತಿದಾನೆ," ಎಂದುಬಿಟ್ಟಳು ಅಕ್ಕ. ಸುಳ್ಳು ಹೇಳುವವರಿಗೆ ಇರಬೇಕಾದ ಮೈಮೇಲಿನ ಎಚ್ಚರ ಅವಳಿಗೆಲ್ಲಿತ್ತು?

ಸಾಹೇಬ ಒಳಗೆ ಬಂದ. ಎಲ್ಲರ ಕೈ ಕುಲುಕಿದ. ಗೋಡೆಯ ಮೇಲೆ ತನ್ನನ್ನು ನೋಡಿ, "ನಿಲ್ಲಿಸ್ಬೇಡಿ, ಕೊನೇಲಿ ಚೆನ್ನಾಗಿದೆ," ಎಂದ. ಆಮೇಲೆ ಅವನ ಕಣ್ಣು ಮೇಜಿನ ಕೆಳಗೆ ಹೋಯಿತು. "ಸಾರ್, ನಿಮ್ಮ ಲೇಸ್ ಬಿಚ್ಚಿದೆ. ಎಡವಿ ಬೀಳ್ತೀರ."

ಬೇಡ ಕಣೋ ಎಂದು ಅಕ್ಕ ಕಣ್ಣಲ್ಲೇ ಅಂಗಲಾಚಿದಳು. ಎಲ್ಲಿ ಕೇಳುತ್ತಾನೆ? ಸಾಹೇಬ ಮಂಡಿಯೂರಿ ಕೂತು, ಗಡ್ಡದ ಪ್ರೊಫೆಸರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಗಂಟು ಬಿಗಿದು, "ಇನ್ನು ಬಿಚ್ಚಲ್ಲ," ಎಂದು ಕಾಲು ತಟ್ಟಿ ಕೆಳಗಿಟ್ಟ.

ಈ ಸಲ ಯಾರೂ ಯಾರಿಗೂ ನಗೆ ಬೀರಲಿಲ್ಲ. ಗೋಡೆಯ ಮೇಲೆ ಸಾಹೇಬ ಇನ್ನೂ ಲೇಸನ್ನು ತಪ್ಪು ತೂತಿಗೆ ಹಾಕುತ್ತಿದ್ದ.

"ನಾನು ಚೆನ್ನಾಗಿ ಮಾಡಿದೀನಾ?" ಎಂದು ಕೇಳಿದ ಸಾಹೇಬ, ಗೋಡೆ ತೋರಿಸಿ.

"ತುಂಬಾ ಚೆನ್ನಾಗಿ ಮಾಡಿದೀರಿ," ಎಂದರು ಪ್ರೊಫೆಸರಮ್ಮ. "ಹಾಗಾದ್ರೆ ನಿಮ್ಮಕ್ಕ ನಿಮಗೆ ಏನೂ ಕಲಿಸ್ಲಿಲ್ವಾ?"

"ಎಲ್ಲ ಕಲಿಸಿದಾಳೆ. ಲೇಸು, ಬಸ್ಸು, ಮೊಬೈಲು. ಗಡ್ಡ ಮಾತ್ರ ಕಲಿಸಿಲ್ಲ. ಅವಳಿಗೆ ಭಯ." ಆಮೇಲೆ ಪಕ್ಕಕ್ಕೆ ತಿರುಗಿ ಗಡ್ಡದವರನ್ನು ಮೇಲಿಂದ ಕೆಳಗೆ ಕರುಣೆಯಿಂದ ನೋಡಿದ. "ನಿಮಗೂ ನಿಮ್ಮಕ್ಕ ಕಲಿಸಿಲ್ವಾ ಸಾರ್?"

ಪ್ರೊಫೆಸರಮ್ಮ ನಕ್ಕರು ನೋಡಿ, ತಲೆಯ ಮೇಲಿನ ಕನ್ನಡಕ ಜಾರಿ ಮೂಗಿನ ಮೇಲೆ ತಾನಾಗಿ ಬಂದು ಕೂತಿತು. ಲೆಕ್ಚರರ್ ಹುಡುಗಿ ಮೇಜಿನ ಕೆಳಗೆ ಪೆನ್ನು ಹುಡುಕುವ ನೆಪದಲ್ಲಿ ಮಾಯವಾದಳು. ಗಡ್ಡದವರು ಗಡ್ಡದೊಳಗೇ ಏನು ಮಾಡಿದರೋ ಕಾಣಲಿಲ್ಲ. ಅಕ್ಕನಿಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಗು ಮುಗಿದ ಮೇಲೆ ಪ್ರೊಫೆಸರಮ್ಮನ ದನಿ ಗಟ್ಟಿಯಾಯಿತು. "ಇದು ಮೋಸದ ವಿಡಿಯೋ. ಇಲ್ಲಿಗೇ ನಿಮ್ಮ ಅರ್ಜಿ ಮುಗೀಬೇಕು."

"ಹೌದು ಮೇಡಂ," ಎಂದಳು ಅಕ್ಕ.

"ಆದ್ರೆ ಪಟ್ಟಿ ಅಂತಿಮ ಮಾಡೋದು ಮುಂದಿನ ಶುಕ್ರವಾರ ಸಂಜೆ. ಅಷ್ಟರೊಳಗೆ ಇವರಿಗೆ ನಿಜವಾಗ್ಲೂ ಬಾರದ್ದನ್ನ ಕಲಿಸಿ ಕಳಿಸಿ. ಕತ್ತರಿ ಹಾಕೋ ಹಾಗಿಲ್ಲ. ಒಂದೇ ಅವಕಾಶ. ನಾನು ಕೇಳಿದ ಪ್ರಶ್ನೆಗೆ ಉತ್ತರಾನೂ ಯೋಚಿಸ್ಕೊಂಡು ಬರೀರಿ, 'ತುಂಬಾ ಇದೆ' ಅಂದ್ರೆ ಆಗಲ್ಲ."

ಮನೆಯಲ್ಲಿ ಅಮ್ಮ ರಣಚಂಡಿಯಾದರು. "ಬ್ಲೇಡಾ? ಇವನ ಕೈಗಾ? ನಾನು ಸತ್ತ ಮೇಲೆ ಮಾಡ್ಕೊಳ್ಳಿ!"

"ಅಷ್ಟು ದಿನ ಕಾಯೋಕಾಗಲ್ಲಮ್ಮ, ಶುಕ್ರವಾರ ಕೊಡಬೇಕು," ಎಂದಳು ಅಕ್ಕ.

ಮೊದಲು ಬಲೂನು. ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ರೇಜರಿನಿಂದ ನೊರೆ ತೆಗೆಯಬೇಕು. ಕೈ ಎಷ್ಟು ಹಗುರವಿರಬೇಕು ಎಂದು ಹೀಗೆ ಕಲಿಸುತ್ತಾರೆ. ಮೊದಲ ದಿನ ಢಮ್ ಢಮ್ ಎಂದು ಬಾತ್‌ರೂಮಿನಲ್ಲಿ ಯುದ್ಧವೇ ನಡೆಯಿತು. ಪ್ರತಿ ಢಮ್ಮಿಗೂ ಅಮ್ಮ ಅಡುಗೆಮನೆಯಲ್ಲಿ ಏನಾದರೊಂದು ಕೆಳಗೆ ಹಾಕಿದರು. ಎರಡನೆಯ ದಿನ ಢಮ್ಮು ಕಡಿಮೆಯಾಯಿತು. ಬುಧವಾರದ ಹೊತ್ತಿಗೆ ಸಾಹೇಬ ಬಲೂನನ್ನು ನುಣ್ಣಗೆ ಮಾಡಿ, ಗಲ್ಲ ತಟ್ಟಿ, "ಮುಂದಿನವರು ಬನ್ನಿ," ಎನ್ನುತ್ತಿದ್ದ.

ಗಡ್ಡ ಕ್ಯಾಮೆರಾಗೆ ಚೆನ್ನಾಗಿ ಕಾಣಲಿ ಎಂದು ಅಕ್ಕ ವಾರವಿಡೀ ಬೆಳೆಯಲು ಬಿಟ್ಟಳು. ಶುಕ್ರವಾರ ಬೆಳಿಗ್ಗೆಯೇ ಚಿತ್ರೀಕರಣ. ಇದಕ್ಕಿಂತ ದೊಡ್ಡ ಪೆದ್ದುತನ ಇನ್ನೊಂದಿಲ್ಲ, ಆದರೆ ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಕನ್ನಡಿಯ ಮುಂದೆ ಸಾಹೇಬ, ಪಕ್ಕದಲ್ಲಿ ಅಕ್ಕ, ಬಾಗಿಲ ಹಿಂದೆ ಉಸಿರು ಬಿಗಿಹಿಡಿದ ಅಮ್ಮ. ಬಲಗೆನ್ನೆ ಚೆನ್ನಾಗಿ ಆಯಿತು. ಎಡಗೆನ್ನೆ ಇನ್ನೂ ಚೆನ್ನಾಗಿ ಆಯಿತು. ಮೇಲ್ತುಟಿಗೆ ಬಂದಾಗ ಮೂಗನ್ನು ಬೆರಳಿನಿಂದ ಮೇಲೆತ್ತಿಕೊಂಡು, ನಾಲಿಗೆಯನ್ನು ಒಳಗಿನಿಂದ ಒತ್ತಿ, ಅಪ್ಪ ಮಾಡುತ್ತಿದ್ದ ಹಾಗೇ ಮಾಡಿದ. ಅದನ್ನು ಅಕ್ಕ ಹೇಳಿಕೊಟ್ಟಿರಲಿಲ್ಲ. ಇವನು ಎಷ್ಟು ವರ್ಷದಿಂದ ಇದಕ್ಕೆ ತಯಾರಾಗಿ ಕೂತಿದ್ದನಪ್ಪಾ ಎಂದುಕೊಂಡಳು.

ಗದ್ದದ ಹತ್ತಿರ ರೇಜರು ಒಂದಿಷ್ಟು ವಾಲಿತು. ಬಿಳಿ ನೊರೆಯಲ್ಲಿ ಒಂದು ಕೆಂಪು ಚುಕ್ಕೆ.

"ಪರ್ವಾಗಿಲ್ಲ," ಎಂದ ಸಾಹೇಬ. ವಿಡಿಯೋದಲ್ಲಿ ಅದು ಸ್ಪಷ್ಟವಾಗಿ ಕೇಳಿಸುತ್ತದೆ.

ಬಾಗಿಲ ಹಿಂದೆ ಅಮ್ಮ "ಅಯ್ಯಯ್ಯೋ ರಕ್ತ!" ಎಂದು ಕೂಗಿದರು. ಅಕ್ಕನ ಕೈ ಅವಳ ತಲೆಯನ್ನು ಕೇಳಲಿಲ್ಲ. ರೇಜರನ್ನು ಕಸಿದುಕೊಂಡಿತು. ಇನ್ನೊಂದು ಕೈ ಅವನ ಗದ್ದ ಹಿಡಿದು ಮೇಲೆತ್ತಿತು. ಸರ ಸರ ಸರ ಎಳೆಯಿತು. ಮುಗಿಯಿತು. ಟವೆಲಿನಿಂದ ಮುಖ ಒರೆಸಿ, ಚುಕ್ಕೆಯ ಮೇಲೆ ಹತ್ತಿ ಒತ್ತಿದಳು. ಎಷ್ಟೋ ವರ್ಷದ ಕೈ, ತಡವಾಗಲೇ ಇಲ್ಲ.

ಸಾಹೇಬ ಕನ್ನಡಿ ನೋಡಿದ. ನುಣ್ಣಗಿನ ಗದ್ದ ಮುಟ್ಟಿ ನೋಡಿದ.

"ಇನ್ನೂ ಇತ್ತು," ಎಂದ. "ಅದು ನಂದು."

ಮೊಬೈಲು ಓಡುತ್ತಲೇ ಇತ್ತು.

ತಾನೇನು ಮಾಡಿದೆ ಎಂಬುದು ಅಕ್ಕನಿಗೆ ಆಮೇಲೆ ತಲೆಗೆ ಹತ್ತಿತು. ಇನ್ನೊಂದು ಸಲ ಮಾಡೋಣ ಎಂದರೆ ಗಡ್ಡವೆಲ್ಲಿದೆ? ಸಂಜೆಯೊಳಗೆ ಗಡ್ಡ ಬೆಳೆಸುವ ವಿದ್ಯೆ ಯಾವ ಕೋರ್ಸಿನಲ್ಲೂ ಇಲ್ಲ. ಅಮ್ಮ ತಪ್ಪಿನ ಭಾರಕ್ಕೆ ಸಲಹೆ ಮೇಲೆ ಸಲಹೆ ಕೊಟ್ಟರು. "ಪಕ್ಕದ ಮನೆಯವರನ್ನ ಕೂರಿಸಿ ಅವರ ಗಡ್ಡ ಇವನ ಕೈಲಿ ಮಾಡಿಸೋಣ್ವೇನೇ? ಕಾಲಿನ ಕೂದಲಾದ್ರೂ ಆಗಲ್ವಾ?" ಎಂದರು. ಸಾಹೇಬ ಯಾರೊಂದಿಗೂ ಮಾತಾಡದೆ, ಅಕ್ಕ ಕೊಟ್ಟ ಊಟದ ಡಬ್ಬಿಯನ್ನೂ ಮುಟ್ಟದೆ ಲಾಂಡ್ರಿಗೆ ಹೋದ. ಮೂವತ್ತು ವರ್ಷದಲ್ಲಿ ಅವನು ಮಾತು ಬಿಟ್ಟದ್ದು ಅದೇ ಮೊದಲು.

ಅಕ್ಕ ಶಾಲೆಗೆ ರಜೆ ಹಾಕಿ ಮೊಬೈಲು ಹಿಡಿದು ಕೂತಳು. ಕಳಿಸದಿದ್ದರೆ ಸೀಟಿಲ್ಲ. ಕಳಿಸಿದರೂ ಸೀಟಿಲ್ಲ; ಕಲಿಸಲು ಬಾರದು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರಿಗೆ ಬೇಕು? ಎರಡು ದಾರಿಯೂ ಫ್ಯಾನಿನ ಕೆಳಗಿನ ಕೌಂಟರಿಗೇ ಹೋಗುತ್ತಿದ್ದವು. ಅಳು ಬಂತು. ಕಿಟಕಿ ಪಕ್ಕದ ತರಗತಿಗಾಗಿ ಅತ್ತಳು, ಆಮೇಲೆ ತಮ್ಮನ ಗದ್ದಕ್ಕಾಗಿ ಅತ್ತಳು, ಯಾವುದು ಯಾವುದಕ್ಕೆ ಎಂದು ಅವಳಿಗೇ ತಿಳಿಯದಂತೆ ಅತ್ತಳು.

ಸಂಜೆ ಸಾಹೇಬ ಬಂದ. ಶೂ ಬಿಚ್ಚಿ ಜೋಡಿಸಿಟ್ಟ. ಅಕ್ಕ ಮೊಬೈಲು ಮುಂದೆ ಹಿಡಿದಳು. "ನಿನ್ನ ಮುಖ ಇದೆ ಇದರಲ್ಲಿ. ನೀನು ನೋಡ್ದೆ ನಾನು ಏನೂ ಮಾಡಲ್ಲ."

ಅವನು ಪೂರ್ತಿ ನೋಡಿದ. ರೇಜರು ಕಸಿದುಕೊಳ್ಳುವ ಜಾಗಕ್ಕೆ ಹಿಂದೆ ಹೋಗಿ ಇನ್ನೊಂದು ಸಲ ನೋಡಿದ.

"ಕಳಿಸು," ಎಂದ.

"ಇದನ್ನ ಕಳಿಸಿದ್ರೆ ನಂಗೆ ಸೀಟು ಸಿಗಲ್ಲ ಕಣೋ."

"ಇದ್ರಲ್ಲಿ ತಪ್ಪು ಮಾಡಿದ್ದು ಯಾರು?"

"ನಾನು."

"ಹಂಗಾದ್ರೆ ನೀನು ತಾನೇ ಸ್ಕೂಲಿಗೆ ಹೋಗ್ಬೇಕಾಗಿರೋದು?" ಎಂದ ಸಾಹೇಬ. ಅವನು ತಮಾಷೆ ಮಾಡುತ್ತಿರಲಿಲ್ಲ. "ಬರೋರು ಯಾಕೆ ಹೋಗ್ತಾರೆ? ಬರ್ದೆ ಇರೋರು ಹೋಗ್ತಾರೆ."

ಅಕ್ಕ ಮೊಬೈಲನ್ನು ಅವನ ಕೈಯಿಂದ ತೆಗೆದುಕೊಂಡಳು. ಆಮೇಲೆ ವಿಡಿಯೋ ಕಳಿಸಿದಳು. ಉತ್ತರ ಬರೆಯಬೇಕಾದ ಜಾಗದಲ್ಲಿ ನಮಸ್ಕಾರ, ದಾರಿದೀಪ ಏನೂ ಇಲ್ಲದೆ ಬರೆದಳು: "ಕಲಿಯಲು ಏನು ಉಳಿದಿದೆ ಎಂದು ಕೇಳಿದ್ದಿರಿ. ಏಳನೇ ನಿಮಿಷ ನೋಡಿ. ಅದನ್ನು ಮಾಡದಿರುವುದು ನನಗೆ ಬರುವುದಿಲ್ಲ. ನಾನು ತುಂಬಾ ಪ್ರೀತಿಸುವವರ ವಿಷಯದಲ್ಲಿ ಒಂಚೂರೂ ಬರುವುದಿಲ್ಲ."

ಪಟ್ಟಿಯಲ್ಲಿ ಅವಳ ಹೆಸರು ಎಲ್ಲರಿಗಿಂತ ಕೆಳಗಿತ್ತು. ಕೆಳಗಿದ್ದರೇನು, ಇತ್ತು. ಪ್ರೊಫೆಸರಮ್ಮ ಫೋನು ಮಾಡಿ, "ಬನ್ನಿ, ಆದ್ರೆ ನಮ್ಮ ಹುಡುಗಿಗೆ ಜಾಣೆ ಅನ್ನಬೇಡಿ, ತಲೆ ಮೇಲೆ ಕೂತಿದಾಳೆ," ಎಂದರು. ಸುತ್ತೋಲೆ ಸಾರ್ ಅಭಿನಂದನೆಯ ಸುತ್ತೋಲೆ ಹೊರಡಿಸಿದರು, ಕೆಳಗೆ ಎಲ್ಲ ಸಿಬ್ಬಂದಿಯೂ ಓದಿ ಸಹಿ ಮಾಡತಕ್ಕದ್ದು ಎಂದು ಸೇರಿಸಿ.

ಕೋರ್ಸಿನ ಮೊದಲ ದಿನ ಬೆಳಿಗ್ಗೆ ಅಕ್ಕ ಹೊಸ ಚೀಲ ಹೆಗಲಿಗೇರಿಸಿದರೆ ಬಾತ್‌ರೂಮಿನ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಆ ಚಿಲಕವನ್ನು ಸಾಹೇಬ ಯಾವತ್ತೂ ಹಾಕಿದವನಲ್ಲ. ಒಳಗೆ ನೀರು ಬೀಳುವ ಸದ್ದು. ಗೂಡಿನಲ್ಲಿ ರೇಜರು ಇರಲಿಲ್ಲ.

"ಏನೇ ಅದು?" ಎಂದು ಅಮ್ಮ ಓಡಿ ಬಂದರು. "ಲೋ, ತೆಗಿಯೋ ಬಾಗಿಲು!"

"ಕೂಗಬೇಡಮ್ಮ. ಅವನ ಕೈ ಅಲ್ಲಾಡುತ್ತೆ," ಎಂದಳು ಅಕ್ಕ.

ಒಳಗಿನಿಂದ ಬ್ಲೇಡು ತಾಗಿದವರಂತೆ "ಸ್ಸ್" ಎಂದು ಕೇಳಿಸಿತು. ಅಮ್ಮ ಅಕ್ಕನ ತೋಳು ಹಿಡಿದು ಅಲ್ಲಾಡಿಸಿದರು. ಅಕ್ಕನ ಕೈ ಬಾಗಿಲಿನ ಹತ್ತಿರದವರೆಗೂ ಹೋಯಿತು. ಒಂದು ತಳ್ಳಿದರೆ ಬೀಳುವ ಚಿಲಕ ಅದು. ಒಳಗೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ನೀರು.

"ಹೊರಗೆ ಬಂದ ಮೇಲೂ ಏನೂ ಅನ್ನಬೇಡ," ಎಂದಳು ಅಕ್ಕ ಅಮ್ಮನಿಗೆ. ಬಾಗಿಲು ತೆರೆಯುವವರೆಗೆ ನಿಂತರೆ ನೋಡದೆ ಇರಲಾಗುವುದಿಲ್ಲ, ನೋಡಿದರೆ ಮುಟ್ಟದೆ ಇರಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು. ಬಸ್ಸು ಹತ್ತಿ ಕೂತು ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಇಳಿಯುವವರೆಗೂ ಬಿಡಲಿಲ್ಲ.